‘ನೀರು ಬಿಟ್ಟಿದ್ದೇವೆ’ ಎಂಬ ಉತ್ತರಕ್ಕೆ ಮರುಪ್ರಶ್ನೆ: ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ಲೆಕ್ಕ

ಪ್ರತಿ ವರ್ಷ ಸೆಪ್ಟೆಂಬರ್ ಬಂತೆಂದರೆ ರಾಯಚೂರು ಜಿಲ್ಲೆಯ ಸಿರವಾರ, ಮಾನ್ವಿ ಕಡೆ ರಸ್ತೆ ತಡೆ ಶುರುವಾಗುತ್ತದೆ. ಘೋಷಣೆ ಒಂದೇ: ‘ಕೊನೆ ಭಾಗಕ್ಕೆ ನೀರು ಬಿಡಿ’. ಅಧಿಕಾರಿಗಳ ಉತ್ತರವೂ ಒಂದೇ: ‘ಬಿಟ್ಟಿದ್ದೇವೆ’. ಇಬ್ಬರೂ ಸುಳ್ಳು ಹೇಳುತ್ತಿಲ್ಲ, ಗಮನಿಸಿ. ಮುನಿರಾಬಾದ್‌ನಲ್ಲಿ ಅಣೆಕಟ್ಟಿನ ಬಳಿ ಕಾಲುವೆಯ ಬಾಯಿಗೆ ನೀರು ಬಿಟ್ಟಿರುವುದು ನಿಜ, ನಿಮ್ಮ ಹೊಲಕ್ಕೆ ಬಂದಿಲ್ಲ ಎನ್ನುವುದೂ ನಿಜ. ನಡುವೆ 227 ಕಿಲೋಮೀಟರ್ ಉದ್ದದ ಕಾಲುವೆ ಇದೆ. ಆ ನಡುವಿನ ಲೆಕ್ಕ ಕೇಳದ ಬೇಡಿಕೆಗೆ ‘ಬಿಟ್ಟಿದ್ದೇವೆ’ ಎಂದರೆ ಸಾಕು, ಉತ್ತರ ಕೊಟ್ಟಂತಾಯಿತು. ‘ಮೈಲ್ 104ರಲ್ಲಿ ಇವತ್ತು ಬೆಳಿಗ್ಗೆ ಆರು ಗಂಟೆಗೆ ಗೇಜ್ ಎಷ್ಟಿತ್ತು, ಎಷ್ಟಿರಬೇಕಿತ್ತು’ ಎಂದು ಕೇಳಿದರೆ ಆ ಉತ್ತರ ನಡೆಯುವುದಿಲ್ಲ. ಮೈಲ್ 104 ಎಂದರೆ ಕಾಲುವೆಯ 104ನೇ ಮೈಲು, ಗೇಜ್ ಎಂದರೆ ಅಲ್ಲಿ ನೀರಿನ ಮಟ್ಟ ತೋರಿಸುವ ಅಳತೆಪಟ್ಟಿ. ನನ್ನ ಮಾತಿನ ಬಹುಪಾಲು ಈ ಒಂದು ಪ್ರಶ್ನೆಯ ಸುತ್ತಲೇ ಇರುತ್ತದೆ.

ಮೊದಲು ಅಳತೆಗಳನ್ನು ಬಿಡಿಸಿಕೊಳ್ಳೋಣ. ಟಿಎಂಸಿ, ಕ್ಯೂಸೆಕ್ ಎಂದು ಪತ್ರಿಕೆಗಳಲ್ಲಿ ಓದುತ್ತೇವೆ, ಆದರೆ ನಮಗೆ ಬೇಕಾದದ್ದು ಎಕರೆಯ ಲೆಕ್ಕ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಅಂದರೆ 28 ಲೀಟರ್‌ಗಿಂತ ತುಸು ಹೆಚ್ಚು. ಅಷ್ಟು ನೀರು ಹಗಲೂ ರಾತ್ರಿ ಹರಿದರೆ ಒಂದು ದಿನಕ್ಕೆ ಎರಡು ಎಕರೆಯಲ್ಲಿ ಒಂದೊಂದು ಅಡಿ ನಿಲ್ಲುವಷ್ಟಾಗುತ್ತದೆ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಸುಮಾರು 23 ಸಾವಿರ ಎಕರೆಯಲ್ಲಿ ಒಂದೊಂದು ಅಡಿ ನೀರು. ಎಡದಂಡೆ ಮುಖ್ಯ ಕಾಲುವೆಗೆ ಸುಮಾರು 4,100 ಕ್ಯೂಸೆಕ್ ಬಿಡುತ್ತಾರೆ. ಅದೇ ಪ್ರಮಾಣದಲ್ಲಿ ಹರಿದರೆ ಒಂದು ಟಿಎಂಸಿ ಖರ್ಚಾಗಲು ಮೂರು ದಿನವೂ ಬೇಡ.

ಈಗ ಬೆಳೆ ಸೇರಿಸಿ. ಬಿಳಿಜೋಳಕ್ಕೆ ಬಿತ್ತನೆಯಿಂದ ಕೊಯ್ಲಿನವರೆಗೆ ಒಟ್ಟು ಒಂದೂವರೆ ಅಡಿ ನೀರು ಸಾಕು. ಹತ್ತಿಗೆ ಎರಡು, ಎರಡೂಕಾಲು ಅಡಿ. ನೆಲ್ಲಿಗೆ, ಅಂದರೆ ಭತ್ತಕ್ಕೆ, ನಾಲ್ಕರಿಂದ ಐದು ಅಡಿ. ಹರಿಯುವಾಗ ಸೋರಿ, ಇಂಗಿ ಹೋಗುವುದನ್ನು ಪಕ್ಕಕ್ಕಿಟ್ಟರೂ, ಒಂದು ಟಿಎಂಸಿಯಲ್ಲಿ ನೆಲ್ಲು ಐದು ಸಾವಿರ ಎಕರೆ ಬೆಳೆದರೆ ಜೋಳ ಹದಿನೈದು ಸಾವಿರ ಎಕರೆ ಬೆಳೆಯುತ್ತದೆ. ಮೇಲಿನ ಭಾಗದಲ್ಲಿ ಲೆಕ್ಕಕ್ಕಿಲ್ಲದ ಒಂದು ಎಕರೆ ನೆಲ್ಲು ಎದ್ದರೆ ಕೆಳಗೆ ಮೂರು ಎಕರೆ ಜೋಳದ ನೀರು ಹೋಯಿತು ಎಂದರ್ಥ.

ಈ ಕಾಲುವೆಯನ್ನು ನೆಲ್ಲಿಗಾಗಿ ತೋಡಲಿಲ್ಲ. ಅಣೆಕಟ್ಟಿನ ಕೆಲಸ 1945ರಲ್ಲಿ ಆರಂಭವಾದಾಗ ಎಡದಂಡೆ ಹೈದರಾಬಾದ್ ಸಂಸ್ಥಾನದ ಪಾಲಿನದು, ಬಲದಂಡೆ ಮದ್ರಾಸ್ ಪ್ರಾಂತ್ಯದ್ದು. ಬರ ಬಿದ್ದ ವರ್ಷವೂ ಊಟಕ್ಕಾಗುವಷ್ಟು ಬೆಳೆ ಕೈಗೆ ಬರಬೇಕು, ಆದಷ್ಟು ಹೆಚ್ಚು ಹಳ್ಳಿಗಳಿಗೆ ಆದಷ್ಟು ತೆಳ್ಳಗೆ ನೀರು ಹರಡಬೇಕು ಎನ್ನುವುದು ಅಂದಿನ ಎಣಿಕೆ. ರಕ್ಷಣಾತ್ಮಕ ನೀರಾವರಿ ಎನ್ನುವುದು ಇದನ್ನೇ. ಅದಕ್ಕಾಗಿಯೇ ಕಾಲುವೆ ಇಷ್ಟು ಉದ್ದ. ಹರಡುವ ಉದ್ದೇಶ ಇಲ್ಲದಿದ್ದರೆ ಗಂಗಾವತಿಯಲ್ಲೇ ನಿಲ್ಲಿಸಬಹುದಿತ್ತು! ಯಾವ ಸರ್ವೆ ನಂಬರಿಗೆ ನೆಲ್ಲು, ಯಾವುದಕ್ಕೆ ಹಗುರ ನೀರಾವರಿ (ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆ) ಎಂದು ಮೊದಲೇ ಗುರುತು ಮಾಡಿಟ್ಟರು. ಲೋಕಲೈಸೇಶನ್ ಎಂದು ಎಂಜಿನಿಯರ್‌ಗಳು ಕರೆಯುವುದು ಆ ಗುರುತನ್ನೇ. ಬಹುಪಾಲು ಜಮೀನು ಹಗುರ ನೀರಾವರಿಯ ಪಟ್ಟಿಯಲ್ಲಿದೆ. ಕಾಲುವೆ, ತೂಬು, ಗೇಟು ಎಲ್ಲದರ ಅಳತೆಯೂ ಆ ಪಟ್ಟಿಗೆ ತಕ್ಕಂತೆ ಇದೆ.

ಹಾಗಾದರೆ ಮೇಲಿನವರು ನೆಲ್ಲು ಏಕೆ ಹಾಕಿದರು? ‘ದುರಾಸೆ’ ಎಂದು ಒಂದೇ ಮಾತಿನಲ್ಲಿ ಮುಗಿಸುವುದು ಸುಲಭ, ನಾನು ಆ ದಾರಿ ಹಿಡಿಯುವುದಿಲ್ಲ. ಕರಾವಳಿ ಆಂಧ್ರದಿಂದ ಬಂದು ಕ್ಯಾಂಪು (ವಲಸೆ ಬಂದವರ ಊರು) ಕಟ್ಟಿದವರಿಗೆ ನೆಲ್ಲಿನ ಬೇಸಾಯ ಗೊತ್ತಿತ್ತು, ಬಂಡವಾಳವೂ ಇತ್ತು. ಆಮೇಲೆ ಗಂಗಾವತಿ, ಕಾರಟಗಿ, ಸಿಂಧನೂರುಗಳಲ್ಲಿ ಅಕ್ಕಿ ಗಿರಣಿಗಳು ಬಂದವು. ನೆಲ್ಲಿಗೆ ಕೊಳ್ಳುವವರು, ಸಾಲ ಕೊಡುವವರು ಸಿಕ್ಕರು. ಇನ್ನೊಂದು ಕಾರಣವನ್ನು ಹೊರಗಿನವರು ಸಾಮಾನ್ಯವಾಗಿ ಗಮನಿಸುವುದಿಲ್ಲ. ಎರೆಭೂಮಿಯಲ್ಲಿ ಪಕ್ಕದವನು ನೆಲ್ಲು ನಾಟಿದರೆ ಅವನ ಗದ್ದೆಯ ನೀರು ಬಸಿದು ನಿಮ್ಮ ಹೊಲ ಸದಾ ಹಸಿಯಾಗಿರುತ್ತದೆ. ಅಲ್ಲಿ ಜೋಳ ಹಾಕಿದರೆ ಬೇರು ಕೊಳೆಯುತ್ತದೆ, ಹತ್ತಿ ಹಳದಿ ತಿರುಗುತ್ತದೆ. ಆಗ ನಿಮಗೆ ಉಳಿಯುವ ಬೆಳೆಯೂ ನೆಲ್ಲೇ. ಹೀಗೆ ಬದುವಿನಿಂದ ಬದುವಿಗೆ ನೆಲ್ಲು ಹರಡಿತು. ಮೇಲಿನವರಿಗೂ ಅದರಿಂದ ಪೂರ್ತಿ ಸುಖವಿಲ್ಲ. ನೀರು ನಿಂತೂ ನಿಂತೂ ಸಾವಿರಾರು ಎಕರೆ ಉಪ್ಪೇರಿ, ಜೌಗಾಗಿ ಸವಳು-ಜವಳಾಗಿದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ವರ್ಷಗಟ್ಟಲೆ ಸವಳು ಮಣ್ಣಿನ ಮೇಲೆ ಕೆಲಸ ಮಾಡುತ್ತಿರುವುದು ಸುಮ್ಮನೆ ಅಲ್ಲ.

ಸರ್ಕಾರದ ಕೈಯಲ್ಲೇ ಎರಡು ಪಟ್ಟಿಗಳಿವೆ, ಇದನ್ನು ಗಮನಿಸಿ. ನೀರಾವರಿ ಇಲಾಖೆಯ ಪಟ್ಟಿ ಒಂದು ಸರ್ವೆ ನಂಬರನ್ನು ‘ಹಗುರ ನೀರಾವರಿ’ ಎನ್ನುತ್ತದೆ. ಅದೇ ನಂಬರಿಗೆ ಮೊಬೈಲ್‌ನಲ್ಲಿ ಫೋಟೊ ತೆಗೆದು ಮಾಡುವ ಬೆಳೆ ಸಮೀಕ್ಷೆ ‘ಭತ್ತ’ ಎನ್ನುತ್ತದೆ. ಎರಡನ್ನೂ ಒಂದು ಮೇಜಿನ ಮೇಲಿಟ್ಟರೆ ಯಾವ ವಿತರಣಾ ಕಾಲುವೆಯ ಕೆಳಗೆ ಎಷ್ಟು ಎಕರೆ ಲೆಕ್ಕ ತಪ್ಪಿದೆ ಎಂದು ಒಂದು ಮಧ್ಯಾಹ್ನದಲ್ಲಿ ತಿಳಿಯುತ್ತದೆ. ಇದಕ್ಕೆ ಹೊಸ ಸಮಿತಿ ಬೇಡ, ಹೊಸ ತಂತ್ರಜ್ಞಾನವೂ ಬೇಡ.

ಇನ್ನು ಕಾಲುವೆ ಹೇಗೆ ಕೆಲಸ ಮಾಡುತ್ತದೆ ನೋಡೋಣ. ಕಳ್ಳತನವೇ ಇಲ್ಲ ಎಂದು ಒಂದು ನಿಮಿಷ ಇಟ್ಟುಕೊಳ್ಳಿ. ಆಗಲೂ ಕೊರತೆ ಕೊನೆಯವರ ತಲೆಗೇ ಬರುತ್ತದೆ. ಹೇಗೆ ಎಂದರೆ, ಒಂದು ಉಪಕಾಲುವೆಗೆ 100 ಕ್ಯೂಸೆಕ್ ಬರಬೇಕು, ಅದರ ಮೇಲೆ ಹತ್ತು ತೂಬು, ಒಂದೊಂದಕ್ಕೆ 10 ಕ್ಯೂಸೆಕ್. ಒಂದು ದಿನ 90 ಮಾತ್ರ ಬಂತು. ಎಲ್ಲರಿಗೂ 9 ಸಿಗಬೇಕಲ್ಲವೇ? ಸಿಗುವುದಿಲ್ಲ. ಕಾಲುವೆಯಲ್ಲಿ ನೀರಿನ ಮಟ್ಟ ಇಳಿದಷ್ಟು ಪ್ರಮಾಣದಲ್ಲಿ ತೂಬಿನ ಹರಿವು ಇಳಿಯುವುದಿಲ್ಲ, ಅದರ ಅರ್ಧದಷ್ಟೇ ಇಳಿಯುತ್ತದೆ. ಮೇಲಿನ ಒಂಬತ್ತು ತೂಬುಗಳು ಒಂಬತ್ತೂವರೆಯಂತೆ ಎಳೆದುಕೊಂಡರೆ ಎಂಬತ್ತೈದೂವರೆ ಆಯಿತು. ಕೊನೆಯ ತೂಬಿಗೆ ಉಳಿಯುವುದು ನಾಲ್ಕೂವರೆ. ಬಾಯಲ್ಲಿ ಹತ್ತರಲ್ಲಿ ಒಂದು ಪಾಲು ಕಡಿಮೆಯಾದರೆ ಬಾಲದಲ್ಲಿ ಅರ್ಧಕ್ಕಿಂತ ಹೆಚ್ಚು ಕಡಿಮೆ. ಮೇಲಿನ ಗೇಟುಗಳನ್ನು ಯಾರಾದರೂ ಹೋಗಿ ಕೈಯಾರೆ ಅಷ್ಟಷ್ಟು ಇಳಿಸಿದರೆ ಮಾತ್ರ ಕೊರತೆ ಸಮನಾಗಿ ಹಂಚಿಕೆಯಾಗುತ್ತದೆ. ಹಾಗಾಗಿ ‘ನಾವು ಯಾವ ಗೇಟನ್ನೂ ಮುಟ್ಟಿಲ್ಲ’ ಎಂದು ಅಧಿಕಾರಿ ಹೇಳಿದರೆ ಅದು ಸಮರ್ಥನೆಯಲ್ಲ, ತಪ್ಪೊಪ್ಪಿಗೆ.

ಗೇಟು ಇಳಿಸುವವರು ಯಾರು? ಗ್ಯಾಂಗ್‌ಮನ್. ಮೈಲುಗಟ್ಟಲೆ ಕಾಲುವೆಗೆ ಒಬ್ಬ, ಅವನೂ ಬಹಳ ಕಡೆ ಗುತ್ತಿಗೆಯವನು. ರಾತ್ರಿ ಹನ್ನೊಂದಕ್ಕೆ ಗೇಟು ಎತ್ತಲು ಹತ್ತು ಜನ ಬಂದರೆ ಅವನು ಒಬ್ಬನೇ ಏನು ಮಾಡಿಯಾನು? ಬೀಗ ಒಡೆಯುತ್ತಾರೆ, ತಿರುಗಿಸುವ ರಾಡನ್ನೇ ಮುರಿದು ಗೇಟು ಇಳಿಯದಂತೆ ಮಾಡುತ್ತಾರೆ. ಕಾಲುವೆಯ ಏರಿಯ ಒಳಗೆ ಪೈಪು ಹೂಳುತ್ತಾರೆ, ಪಂಪು ಇಟ್ಟು ಅಚ್ಚುಕಟ್ಟಿನಲ್ಲೇ ಇಲ್ಲದ ಎತ್ತರದ ಹೊಲಕ್ಕೆ ಎಳೆಯುತ್ತಾರೆ. ಕಲ್ಲು, ಮರಳುಚೀಲ ಹಾಕಿ ಕಾಲುವೆಯಲ್ಲೇ ಅಡ್ಡಗಟ್ಟೆ ಕಟ್ಟುತ್ತಾರೆ. ಆಗ ಅಲ್ಲಿ ಮಟ್ಟ ಏರಿ ತೂಬಿಗೆ ಜಾಸ್ತಿ ನುಗ್ಗುತ್ತದೆ. ಅನಧಿಕೃತ ನೀರಾವರಿಗೆ ದಂಡ ಹಾಕಲು 1965ರ ಕರ್ನಾಟಕ ನೀರಾವರಿ ಕಾಯ್ದೆಯಲ್ಲಿ ಅವಕಾಶವಿದೆ. ಆದರೆ ದಂಡ ಒಂದು ಎಕರೆ ನೆಲ್ಲಿನ ಲಾಭದ ಮುಂದೆ ಏನೂ ಅಲ್ಲದಿದ್ದರೆ ಅದು ದಂಡವಲ್ಲ, ಬಾಡಿಗೆ. ಕಟ್ಟಿದ ರಸೀದಿಯನ್ನೇ ‘ನಮಗೂ ಹಕ್ಕಿದೆ’ ಎನ್ನಲು ತೋರಿಸುವುದೂ ಉಂಟು.

ನೀರು ಎಷ್ಟು, ಯಾವಾಗ ಎನ್ನುವ ತೀರ್ಮಾನ ಎಲ್ಲಾಗುತ್ತದೆ ಎನ್ನುವುದು ಮುಂದಿನ ಮಾತು. ಕೃಷ್ಣಾ ಕಣಿವೆಯ ನೀರನ್ನು ರಾಜ್ಯಗಳಿಗೆ ಹಂಚಿದ ಬಚಾವತ್ ನ್ಯಾಯಮಂಡಳಿ ತುಂಗಭದ್ರಾ ಯೋಜನೆಗೆ ಲೆಕ್ಕ ಹಾಕಿದ್ದು ಆವಿಯೂ ಸೇರಿ 230 ಟಿಎಂಸಿ. ಈಗ ಅದರಲ್ಲಿ ಕರ್ನಾಟಕಕ್ಕೆ 151.49, ಆಂಧ್ರಪ್ರದೇಶಕ್ಕೆ 72, ತೆಲಂಗಾಣಕ್ಕೆ 6.51. ಆದರೆ ಜಲಾಶಯ ಹಿಡಿಯುವುದು ಅಷ್ಟಲ್ಲ. ಕಟ್ಟಿದಾಗ ಸಾಮರ್ಥ್ಯ ಸುಮಾರು 133 ಟಿಎಂಸಿ ಇತ್ತು, ಹೂಳು ತುಂಬಿ ಈಗ 105.788 ಎಂದು ಲೆಕ್ಕ. ಮಳೆಗಾಲದಲ್ಲಿ ಬರುತ್ತಾ ಇರುವುದನ್ನು ಬಿಡುತ್ತಾ ಇದ್ದರೆ ಮಾತ್ರ ವರ್ಷದ ಪಾಲು ಸಿಗುತ್ತದೆ. ಒಳಹರಿವು ನಿಂತ ಮೇಲೆ ಉಳಿಯುವುದು ತೊಟ್ಟಿಯಲ್ಲಿ ಇದ್ದಷ್ಟೇ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ ಇಡೀ ಜಿಲ್ಲೆ ನಿದ್ದೆಗೆಟ್ಟಿದ್ದು ಇದಕ್ಕೇ. ಮರುವರ್ಷ ಗೇಟುಗಳ ಭದ್ರತೆಗಾಗಿ ಸಂಗ್ರಹವನ್ನು 80 ಟಿಎಂಸಿಗೆ ಮಿತಿಗೊಳಿಸಿದರು. ಆ ಅಣೆಕಟ್ಟಿಗೆ 33 ಗೇಟುಗಳಿವೆ. ಒಂದು ಸರಪಳಿಯ ನಿರ್ವಹಣೆ ತಪ್ಪಿದರೆ ಮೊದಲ ಪೆಟ್ಟು ಬೀಳುವುದು ಎರಡನೇ ಬೆಳೆಗೆ, ಎರಡನೇ ಬೆಳೆಯಲ್ಲೂ ಮೊದಲು ಕೊನೆ ಭಾಗಕ್ಕೆ.

ಕಾಲುವೆಗೆ ಬಿಡುವ ದಿನ, ಪ್ರಮಾಣ ತೀರ್ಮಾನವಾಗುವುದು ನೀರಾವರಿ ಸಲಹಾ ಸಮಿತಿಯಲ್ಲಿ. ಇರಿಗೇಷನ್ ಕನ್ಸಲ್ಟೇಟಿವ್ ಕಮಿಟಿ, ನಾವು ಐಸಿಸಿ ಸಭೆ ಅಂತೀವಿ. ಸಚಿವರ ಅಧ್ಯಕ್ಷತೆ, ಶಾಸಕರು, ಸಂಸದರು, ಎಂಜಿನಿಯರ್‌ಗಳು. ಸಭೆಯ ಮರುದಿನ ಪತ್ರಿಕೆಗಳಲ್ಲಿ ಬರುವ ತಲೆಬರಹ ‘ಇಂಥ ದಿನದವರೆಗೆ ನೀರು’ ಎಂದು. ಆದರೆ ನಿರ್ಣಯದ ವಾಕ್ಯ ಅಲ್ಲಿಗೆ ಮುಗಿಯುವುದಿಲ್ಲ. ‘ಇಂಥ ದಿನದವರೆಗೆ ಅಥವಾ ನೀರಿನ ಲಭ್ಯತೆ ಇರುವವರೆಗೆ, ಯಾವುದು ಮೊದಲೋ ಅದು’ ಎಂದಿರುತ್ತದೆ. ಆ ನಾಲ್ಕು ಪದದ ಬಾಲದಲ್ಲಿ ಮಾನ್ವಿಯ ಬೆಳೆ ನೇತಾಡುತ್ತಿರುತ್ತದೆ! ಮೇಲಿನವನು ಜುಲೈ ಕೊನೆಗೆ ನಾಟಿ ಮುಗಿಸಿರುತ್ತಾನೆ. ನಿಮಗೆ ನೀರು ತಲುಪಿ ನಾಟಿ ಆಗುವುದು ಸೆಪ್ಟೆಂಬರ್‌ನಲ್ಲಿ. ಆದೇಶದ ಕೊನೆಯ ದಿನ ಮಾತ್ರ ಇಬ್ಬರಿಗೂ ಒಂದೇ. ಅವನ ಪೈರು ಕೊಯ್ಲಿಗೆ ಬಂದಾಗ ನಿಮ್ಮದು ಇನ್ನೂ ಹಾಲುಗಾಳಿನ ಹಂತದಲ್ಲಿರುತ್ತದೆ, ಆಗಲೇ ನೀರು ನಿಲ್ಲುತ್ತದೆ.

ಕೆಲವು ದಿನ ನೀರು ಬಿಟ್ಟು ಕೆಲವು ದಿನ ಬಂದ್ ಮಾಡುವ ಆನ್ ಆಂಡ್ ಆಫ್ ಪದ್ಧತಿಯಲ್ಲೂ ಇಂಥದ್ದೇ ಮೋಸವಿದೆ, ಮಾಡುವವರಿಗೇ ಗೊತ್ತಿಲ್ಲದ ಮೋಸ. ಸೆಕೆಂಡಿಗೆ ಎರಡೂವರೆ ಅಡಿಯಂತೆ ಹರಿದರೂ ಮುನಿರಾಬಾದ್‌ನಿಂದ ಕಾಲುವೆಯ ಕೊನೆ ಮುಟ್ಟಲು ನೀರಿಗೆ ಮೂರೂವರೆ ದಿನ ಬೇಕು. ಒಣಗಿದ ಕಾಲುವೆ ತಾನು ಕುಡಿಯುವುದು ಬೇರೆ. ಹತ್ತು ದಿನದ ಪಾಳಿ ಎಂದರೆ ಮೇಲಿನವನಿಗೆ ಹತ್ತು ದಿನ, ನಿಮಗೆ ಆರು ದಿನ. ಮೇಲೆ ಬಂದ್ ಮಾಡಿದ ಮೇಲೂ ನಿಮ್ಮಲ್ಲಿ ಒಂದೆರಡು ದಿನ ಹರಿಯುತ್ತದೆ ಎನ್ನುತ್ತಾರೆ. ಹರಿಯುತ್ತದೆ, ಆದರೆ ತೂಬಿನ ಮಟ್ಟಕ್ಕಿಂತ ಕೆಳಗೆ. ಆದ್ದರಿಂದ ಪಾಳಿಯನ್ನು ತಲೆಗೇಟಿನಿಂದ ಎಣಿಸಬಾರದು, ಆಯಾ ವಿತರಣಾ ಕಾಲುವೆಯಲ್ಲಿ ನಿಗದಿತ ಗೇಜ್ ಬಂದ ಗಳಿಗೆಯಿಂದ ಎಣಿಸಬೇಕು. ಐಸಿಸಿಗೆ ಕೊಡುವ ಮನವಿಯಲ್ಲಿ ಹಾಕಬೇಕಾದ ಮೊದಲ ವಾಕ್ಯ ಇದು.

ಗೇಜ್ ಎಂದೆ. ಸೇತುವೆಯ ಪಕ್ಕ, ಗೇಟಿನ ಪಕ್ಕ ಅಡಿ-ಇಂಚು ಬರೆದ ಪಟ್ಟಿ ನೋಡಿರುತ್ತೀರಿ. ಮೈಲ್ 47, ಮೈಲ್ 69, ಮೈಲ್ 104 ಎನ್ನುವ ಹೆಸರು ನಮ್ಮ ರೈತರ ಬಾಯಲ್ಲಿ ಊರಿನ ಹೆಸರಿನಷ್ಟೇ ಸಲೀಸು. ಒಂದು ವಿಷಯ ನೆನಪಿರಲಿ: ಗೇಜ್ ಒಂದು ಅಡಿ ಇಳಿದರೆ ನೀರು ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ, ಇನ್ನೂ ಜಾಸ್ತಿ ಇಳಿಯುತ್ತದೆ. ಹತ್ತು ಅಡಿ ಇದ್ದದ್ದು ಒಂಬತ್ತಾದರೆ ಹರಿವಿನಲ್ಲಿ ಹತ್ತಿರಹತ್ತಿರ ಆರರಲ್ಲಿ ಒಂದು ಪಾಲು ಕಡಿಮೆಯಾಯಿತು. ‘ಒಂದಡಿ ತಾನೇ’ ಎನ್ನುವವರಿಗೆ ಇದನ್ನು ಹೇಳಿ. ಗೇಜ್ ಸುಳ್ಳು ಹೇಳುವುದೂ ಉಂಟು. ಪಟ್ಟಿಯಿಂದ ಮುಂದೆ, ನೀರು ಹರಿದುಹೋಗುವ ಕಡೆ ಜೊಂಡು ಬೆಳೆದಿದ್ದರೆ, ಹೂಳು ತುಂಬಿದ್ದರೆ, ಅಡ್ಡಗಟ್ಟೆ ಇದ್ದರೆ ಮಟ್ಟ ಎತ್ತರ ತೋರಿಸುತ್ತದೆ, ನೀರು ಮಾತ್ರ ನಿಂತಂತಿರುತ್ತದೆ.

ನಿಜ ಎಷ್ಟೆಂದು ನೀವೇ ನೋಡಬಹುದು. ಹೊಲಗಾಲುವೆ ನೆಟ್ಟಗಿರುವ ಕಡೆ ಮೂವತ್ತು ಅಡಿ ಅಳೆದು ಎರಡು ಕಡ್ಡಿ ನೆಡಿ. ಜೋಳದ ದಂಟಿನ ಬೆಂಡು ತೇಲಿಬಿಟ್ಟು ಮೊಬೈಲ್‌ನಲ್ಲಿ ಸಮಯ ನೋಡಿ. ಮೂರು ಸಲ ಮಾಡಿ ಸರಾಸರಿ ತೆಗೆಯಿರಿ. ಮೂವತ್ತು ಅಡಿಗೆ ಇಪ್ಪತ್ತು ಸೆಕೆಂಡ್ ಹಿಡಿದರೆ ವೇಗ ಒಂದೂವರೆ ಅಡಿ. ಅಗಲ ಮೂರು ಅಡಿ, ಆಳ ಒಂದು ಅಡಿ ಇದ್ದರೆ ಗುಣಿಸಿದಾಗ ನಾಲ್ಕೂವರೆ. ಮೇಲಿನ ನೀರು ತಳದ ನೀರಿಗಿಂತ ಜೋರಾಗಿ ಓಡುವುದರಿಂದ ಅದರಲ್ಲಿ ಹತ್ತಕ್ಕೆ ಎಂಟರಷ್ಟು ಹಿಡಿಯಿರಿ: ಸುಮಾರು 3.6 ಕ್ಯೂಸೆಕ್. ಗಾಳಿ ಜೋರಾಗಿರುವಾಗ ಮಾಡಬೇಡಿ, ಬೆಂಡು ಗಾಳಿಗೆ ಓಡುತ್ತದೆ, ನೀರಿಗಲ್ಲ.

ಇಲಾಖೆಯ ಗೇಜ್ ರಿಜಿಸ್ಟರ್ ಬೇಕಾದರೆ ಮಾಹಿತಿ ಹಕ್ಕು ಕಾಯ್ದೆಯ 6ನೇ ಕಲಮಿನಡಿ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಜೊತೆ ಅರ್ಜಿ. ಬಿಪಿಎಲ್ ಕುಟುಂಬಕ್ಕೆ ಶುಲ್ಕವಿಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ಬಹಳ ಅರ್ಜಿಗಳು ಬಿದ್ದುಹೋಗುವುದು ‘ನಮಗೆ ಏಕೆ ನೀರು ಕೊಟ್ಟಿಲ್ಲ’ ಎಂದು ಕೇಳುವುದರಿಂದ. ‘ಏಕೆ’ ಎನ್ನುವುದಕ್ಕೆ ಆ ಕಾಯ್ದೆಯಲ್ಲಿ ಉತ್ತರವಿಲ್ಲ, ಇರುವ ದಾಖಲೆಗೆ ಮಾತ್ರ ಇದೆ. ಹೀಗೆ ಬರೆಯಿರಿ: ‘ಎಡದಂಡೆ ಮುಖ್ಯ ಕಾಲುವೆಯ ಮೈಲ್ 47, 69 ಮತ್ತು 104ರ ದೈನಂದಿನ ಗೇಜ್ ರಿಜಿಸ್ಟರ್‌ನ ಆಗಸ್ಟ್ 1ರಿಂದ ನವೆಂಬರ್ 30ರವರೆಗಿನ ಪುಟಗಳ ದೃಢೀಕೃತ ಪ್ರತಿ, ಹಾಗೂ ಆ ಗೇಜ್‌ಗಳಿಗೆ ಸಂಬಂಧಿಸಿದ ಹರಿವಿನ ಕೋಷ್ಟಕ.’ ಕೋಷ್ಟಕ ಬಿಟ್ಟರೆ ಅಡಿಯ ಲೆಕ್ಕ ಸಿಗುತ್ತದೆ, ಕ್ಯೂಸೆಕ್ ಸಿಗುವುದಿಲ್ಲ. ಮೂವತ್ತು ದಿನದಲ್ಲಿ ಉತ್ತರ ಬರದಿದ್ದರೆ ಅಲ್ಲಿಂದ ಮೂವತ್ತು ದಿನದೊಳಗೆ ಮೊದಲ ಮೇಲ್ಮನವಿ, ಆಮೇಲೆ ತೊಂಬತ್ತು ದಿನದೊಳಗೆ ಮಾಹಿತಿ ಆಯೋಗಕ್ಕೆ. ಆಯೋಗದ ಪೀಠ ಕಲಬುರಗಿಯಲ್ಲೇ ಇದೆ. ಬೆಳೆ ಒಣಗುತ್ತಿರುವಾಗ ಇದು ಉಪಯೋಗಕ್ಕೆ ಬರುವುದಿಲ್ಲ, ಒಪ್ಪುತ್ತೇನೆ. ಹೋದ ವರ್ಷದ ಲೆಕ್ಕ ಕೈಯಲ್ಲಿದ್ದರೆ ಈ ವರ್ಷದ ಐಸಿಸಿ ಸಭೆಯ ಮೊದಲು ಶಾಸಕರ ಮುಂದೆ ಇಡಬಹುದು, ಅದಕ್ಕಾಗಿ.

ನೀರು ಬಳಕೆದಾರರ ಸಹಕಾರ ಸಂಘಗಳ ಬಗ್ಗೆ ಸ್ವಲ್ಪ. ಕಾಗದದಲ್ಲಿ ಬಹಳ ಇವೆ. ಸದಸ್ಯತ್ವ ಸಿಗುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ನಮ್ಮ ಭಾಗದಲ್ಲಿ ಬಹಳಷ್ಟು ನೆಲ್ಲು ಲೀಜಿನ ಹೊಲದಲ್ಲಿ ಬೆಳೆಯುತ್ತದೆ. ಹೊಲದ ಯಜಮಾನ ರಾಯಚೂರಿನಲ್ಲೋ ಬೆಂಗಳೂರಿನಲ್ಲೋ ಇರುತ್ತಾನೆ, ಮತ ಅವನದು. ರಾತ್ರಿ ಬ್ಯಾಟರಿ ಹಿಡಿದು ತೂಬು ಕಾಯುವ ಲೀಜುದಾರನಿಗೆ ಮತವಿಲ್ಲ. ಬೆಳೆ ಹೋದರೆ ಪರಿಹಾರವೂ ಪಹಣಿಯ ಹೆಸರಿಗೇ. ಹೆಂಗಸರ ಹೆಸರು ಪಹಣಿಯಲ್ಲಿ ಎಷ್ಟಿದೆ ಎಂದು ನಿಮ್ಮ ಊರಿನ ಪಟ್ಟಿ ತೆಗೆದು ಎಣಿಸಿ ನೋಡಿ. ನಾಟಿ, ಕಳೆ ಎಲ್ಲ ಅವರ ಕೈಯಲ್ಲಿ. ನೀರು ಬರದ ವರ್ಷ ಮಕ್ಕಳನ್ನು ಕರೆದುಕೊಂಡು ಬೆಂಗಳೂರಿಗೆ ಗುಳೆ ಹೋಗುವವರೂ ಅವರೇ. ಸಂಘದ ಸಭೆಗೆ ಲೀಜುದಾರರನ್ನೂ ಕೂಲಿಕಾರ ಹೆಂಗಸರನ್ನೂ ಆಹ್ವಾನಿತರಾಗಿ ಕರೆದು ಕೂರಿಸಲು ಯಾರ ಅಪ್ಪಣೆಯೂ ಬೇಕಿಲ್ಲ. ಮತ ಇಲ್ಲದಿದ್ದರೂ ಅವರ ಮಾತು ನಡಾವಳಿ ಪುಸ್ತಕದಲ್ಲಿ ದಾಖಲಾಗುತ್ತದೆ.

ಕೊನೆ ಭಾಗದ ರೈತರಲ್ಲಿ ಅನೇಕರು ತಾವಾಗಿಯೇ ಕೂರಿಗೆಯಲ್ಲಿ ನೆಲ್ಲು ಬಿತ್ತುವುದಕ್ಕೆ ತಿರುಗಿದ್ದಾರೆ. ಸಸಿಮಡಿ ಬೇಡ, ಕೆಸರು ಮಾಡುವುದು ಬೇಡ, ಕಾಲುವೆಗೆ ಕಾಯದೆ ಮಳೆಯ ಹಸಿಗೇ ಬಿತ್ತಬಹುದು. ಕಳೆ ಜಾಸ್ತಿ, ಮೊದಲ ತಿಂಗಳು ಎಚ್ಚರ ತಪ್ಪಿದರೆ ಕಳೆಯೇ ಬೆಳೆ. ಒಳ್ಳೆಯ ದಾರಿ, ಆದರೆ ನೀರು ಉಳಿಸುವ ಹೊಣೆಯನ್ನು ನೀರೇ ಸಿಗದವನ ಮೇಲೆ ಹೊರಿಸಿ ಮೇಲಿನವನನ್ನು ಬಿಟ್ಟುಬಿಡುವುದು ನ್ಯಾಯವಲ್ಲ. ಇದೇ ಪದ್ಧತಿಯನ್ನು ಮೊದಲು ಪ್ರಚಾರ ಮಾಡಬೇಕಾದದ್ದು ಮೈಲ್ 47ಕ್ಕಿಂತ ಮೇಲಿನ ಭಾಗದಲ್ಲಿ.

ಇನ್ನು ಪಂಚಾಯಿತಿ ಸದಸ್ಯರಿಗೆ, ಕುಡಿಯುವ ನೀರಿನ ಕೆರೆಯ ಬಗ್ಗೆ. ಬೇಸಿಗೆಯಲ್ಲಿ ಕಾಲುವೆ ಬಂದ್ ಆದ ಮೇಲೆ ಬಹಳ ಊರುಗಳು ನಿಂತಿರುವುದು ಆ ಕೆರೆಯ ಮೇಲೆ. ಐದು ಸಾವಿರ ಜನರ ಊರು, ತಲೆಗೆ ದಿನಕ್ಕೆ 55 ಲೀಟರ್ ಎಂದರೆ ದಿನಕ್ಕೆ 2.75 ಲಕ್ಷ ಲೀಟರ್. ತೊಂಬತ್ತು ದಿನಕ್ಕೆ ಹತ್ತಿರಹತ್ತಿರ ಎರಡೂವರೆ ಕೋಟಿ ಲೀಟರ್, ಅಂದರೆ ಇಪ್ಪತ್ತು ಎಕರೆಯಲ್ಲಿ ಒಂದೊಂದು ಅಡಿ ನಿಲ್ಲುವಷ್ಟು, ಇಪ್ಪತ್ತು ಎಕರೆ-ಅಡಿ. ಇಷ್ಟಕ್ಕೇ ಯೋಜನೆ ಮಾಡಿ ಸಿಕ್ಕಿಬಿದ್ದವರು ಬಹಳ. ಏಪ್ರಿಲ್-ಮೇ ಬಿಸಿಲಿಗೆ ದಿನಕ್ಕೆ ಏಳೆಂಟು ಮಿಲಿಮೀಟರ್ ಆವಿಯಾಗುತ್ತದೆ. ತೊಂಬತ್ತು ದಿನಕ್ಕೆ ಎರಡು ಅಡಿಗಿಂತ ಹೆಚ್ಚು. ಕೆರೆ ಐದು ಎಕರೆ ಇದ್ದರೆ ಹನ್ನೊಂದು ಎಕರೆ-ಅಡಿ ನೀರು ಸೂರ್ಯನಿಗೇ ಹೋಯಿತು. ಇಂಗುವುದು, ದನಕರು, ಎಲ್ಲ ಸೇರಿ ಮೂವತ್ತೈದು ಎಕರೆ-ಅಡಿ ಬೇಕೆಂದು ಹಿಡಿಯಿರಿ, ಅಂದರೆ ಆ ಕೆರೆಯಲ್ಲಿ ಏಳು ಅಡಿ ಬಳಸಬಹುದಾದ ನೀರು. ಅಗಲ ಹೆಚ್ಚಿಸುವುದಕ್ಕಿಂತ ಆಳ ಹೆಚ್ಚಿಸುವುದು ಲಾಭ ಎನ್ನುವುದು ಈ ಲೆಕ್ಕದಿಂದಲೇ ಗೊತ್ತಾಗುತ್ತದೆ. ಒಂದು ಕ್ಯೂಸೆಕ್ ದಿನಕ್ಕೆ ಎರಡು ಎಕರೆ-ಅಡಿ ಕೊಡುವುದರಿಂದ ತುಂಬಲು ಹದಿನೆಂಟು ದಿನ ಬೇಕು, ಅದೂ ನಿಲ್ಲದೆ ಹರಿದರೆ. ಮಾರ್ಚ್ 31ಕ್ಕೆ ಕಾಲುವೆ ಬಂದ್ ಎಂದು ಆದೇಶವಿದ್ದರೆ ಕೊನೆ ವಾರದಲ್ಲಿ ಟ್ಯಾಂಕರ್ ಲೆಕ್ಕದಲ್ಲಿ ಓಡಾಡಿ ಪ್ರಯೋಜನವಿಲ್ಲ. ಮಾರ್ಚ್ 10ರೊಳಗೆ ಕೆರೆಯ ತೂಬು ತೆರೆದಿರಬೇಕು. ಅದಕ್ಕೆ ಫೆಬ್ರುವರಿಯಲ್ಲೇ ಠರಾವು ಮಾಡಿ, ಕೆರೆಯಲ್ಲಿ ಇವತ್ತು ಎಷ್ಟು ಅಡಿ ಇದೆ, ಇನ್ನೆಷ್ಟು ಬೇಕು, ಎಷ್ಟು ಕ್ಯೂಸೆಕ್ ಎಷ್ಟು ದಿನ ಎನ್ನುವುದನ್ನು ಬರೆದು, ಕಾರ್ಯಪಾಲಕ ಎಂಜಿನಿಯರ್‌ಗೆ ಒಂದು ಪ್ರತಿ, ಜಿಲ್ಲಾಧಿಕಾರಿಗೆ ಒಂದು ಪ್ರತಿ ಕೊಟ್ಟು, ಎರಡರ ಮೇಲೂ ಸ್ವೀಕೃತಿಯ ಸೀಲು ಹಾಕಿಸಿಕೊಂಡು ಬನ್ನಿ.